ಸೊಲ್ಲಿನ ಹೊತ್ತು
(ಸತ್ತೇಗಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಇವತ್ತಿನ ವಿಷಯದಲ್ಲಿ ಮಲೆ ಮಾದೇಶ್ವರನ ಕಥೆಯೂ ಬರುತ್ತದೆ, ಮಂಟೇಸ್ವಾಮಿಯ ಕಥೆಯೂ ಬರುತ್ತದೆ. ಆದರೆ ಆ ಕಥೆಗಳಲ್ಲಿ ಏನಿದೆ ಎಂದು ಹೇಳುವುದಕ್ಕೆ ನಾನು ಬಂದಿಲ್ಲ. ಇಲ್ಲಿ ಕೂತಿರುವ ಎಷ್ಟೋ ಜನರಿಗೆ ಅವು ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಬೇಕಾದದ್ದು ಒಂದೇ ಸಂಗತಿ. ರಾತ್ರಿಯಿಡೀ ಹಾಡಿದ ಕಥೆಯನ್ನು ಧ್ವನಿಮುದ್ರಣದಲ್ಲಿ ಮರಳಿ ಕೇಳಿದರೆ, ಪುಸ್ತಕ ಮಾಡುವಾಗ ನಾವು ಬಿಟ್ಟುಬಿಡುವ ಭಾಗಗಳಲ್ಲೇ ಕಥೆ ಹುಟ್ಟುತ್ತಿರುವುದು ಕಿವಿಗೆ ಬೀಳುತ್ತದೆ: ಹಿಮ್ಮೇಳದ ಸೊಲ್ಲಿನಲ್ಲಿ, ಹೂಂಗುಟ್ಟುವ ದನಿಯಲ್ಲಿ, ದಮ್ಮಡಿ ಕಾಯಿಸಿಕೊಳ್ಳುವ ಬಿಡುವಿನಲ್ಲಿ. ಹಾಗಿರುವಾಗ ಒಂದು ಕಥೆಗೆ ಒಂದು ಧ್ವನಿಮುದ್ರಣ ಸಾಲದು. ಒಂದೇ ಮೇಳದ ಹಲವು ರಾತ್ರಿಗಳು ಬೇಕು. ಹಾಡಿದವರೇ ಕೂತು ಅವನ್ನು ಕೇಳಬೇಕು. ಕೇಳಬೇಕೆನ್ನುವವರಿಗೆ ಅವು ಇಲ್ಲೇ, ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲೇ ಸಿಗಬೇಕು.

ಈ ಮಾತನ್ನು ಸತ್ತೇಗಾಲದಲ್ಲಿ ಆಡುವುದಕ್ಕೆ ಕಾರಣವಿದೆ. ಬೆಂಗಳೂರಿನಿಂದ ಮಳವಳ್ಳಿ ಮೇಲೆ ಬರುವ ಬಸ್ಸು ಕಾವೇರಿ ದಾಟಿ ನಿಮ್ಮ ಹ್ಯಾಂಡ್‌ಪೋಸ್ಟ್ ಮುಂದೆಯೇ ಕೊಳ್ಳೇಗಾಲಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಹನೂರು, ಕೌದಳ್ಳಿ, ತಾಳಬೆಟ್ಟ, ಆಮೇಲೆ ಮಾದಪ್ಪನ ಬೆಟ್ಟ. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಆ ದಾರಿಯಲ್ಲಿ ನಡೆದು ಹೋಗುವವರನ್ನು ನೀವು ಹುಟ್ಟಿದಂದಿನಿಂದ ನೋಡಿದ್ದೀರಿ. ಅದೇ ದಾರಿಯಲ್ಲಿ ಹಿಂದಕ್ಕೆ, ಹೊಳೆಯ ಆಚೆ ಹೋದರೆ ಹಲಗೂರು: ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಿ ಪಾಂಚಾಳದವರ ಎದುರು ನಿಂತ ಊರು. ಬನದ ಹುಣ್ಣಿಮೆಗೆ ಜನ ಸೇರುವ ಚಿಕ್ಕಲ್ಲೂರು ನಿಮಗೆ ದೂರವಲ್ಲ. ಮಾದೇಶ್ವರ ರಾಗಿ ಬೀಸಿದನೆಂದು ಹಾಡುವ ಕುಂತೂರು ಮಠ ಇದೇ ಸೀಮೆಯದು. ಮಾದೇಶ್ವರನ ಕಥೆಯಲ್ಲಿ ಬರುವ ಜುಂಜೇಗೌಡನ ಆಲಂಬಾಡಿ ಗಡಿಯಂಚಿನಲ್ಲಿದೆ. ಎರಡು ದೊಡ್ಡ ಕಾವ್ಯಗಳ ಊರುಗಳು ಒಂದು ದಿನದ ಪ್ರಯಾಣದೊಳಗೆ ಸಿಗುವ ಜಾಗ ಕನ್ನಡ ನಾಡಿನಲ್ಲಿ ಬೇರೆ ಎಲ್ಲಿದೆಯೋ ನಾನು ಕಾಣೆ. ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು ಜಿಲ್ಲೆಗೆ ಬಂತು, 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಆಡಳಿತದ ಗೆರೆಗಳು ಇಷ್ಟು ಸಲ ಬದಲಾದರೂ ಮಾದೇಶ್ವರನ ಕಥೆಯ ದೇವರ ಗುಡ್ಡರೂ ಮಂಟೇಸ್ವಾಮಿಯ ಕಥೆಯ ನೀಲಗಾರರೂ ಹಾಡುವ ಊರುಗಳ ಪಟ್ಟಿ ಬದಲಾಗಲಿಲ್ಲ.

(ಇಲ್ಲಿ ಒಂದು ರಾತ್ರಿಯ ಧ್ವನಿಮುದ್ರಣದ ತುಣುಕನ್ನು ಸಭೆಗೆ ಕೇಳಿಸಲಾಯಿತು.)

ನೀವು ಕೇಳಿದ್ದು ಈ ಭಾಗದ ಒಂದು ಹಳ್ಳಿಯಲ್ಲಿ, ಹರಕೆ ಹೊತ್ತವರ ಮನೆಯ ಮುಂದೆ ಚಪ್ಪರದಡಿ ಹಾಡಿದ, ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲಿನ ಆರಂಭ. ಮೊದಲ ಕೆಲವು ನಿಮಿಷ ಹಾಡೇ ಇಲ್ಲವಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ತಂಬೂರಿ ಶ್ರುತಿ ಮಾಡುತ್ತಾರೆ. ಯಾರೋ ಕೆಮ್ಮುತ್ತಾರೆ. ಒಬ್ಬ ಹೆಂಗಸು ಮಗುವನ್ನು ಗದರುತ್ತಾಳೆ. ಕಂಸಾಳೆಯ ಬಟ್ಟಲಿಗೆ ತಟ್ಟೆ ಎರಡು ಸಲ ಮುಟ್ಟಿ ನಿಲ್ಲುತ್ತದೆ. ‘ಉಘೇ’ ಎಂದು ಒಬ್ಬರು ಕೂಗುತ್ತಾರೆ, ಜನ ಅದನ್ನು ಎತ್ತಿಕೊಳ್ಳುತ್ತಾರೆ. ಅಷ್ಟಾದ ಮೇಲೂ ಹಾಡುಗಾರರು ಕಥೆಗೆ ಇಳಿಯುವುದಿಲ್ಲ. ಗುರುವನ್ನು ನೆನೆಯುತ್ತಾರೆ, ಹರಕೆ ಹೊತ್ತ ಮನೆಯನ್ನು ಹೆಸರು ಹಿಡಿದು ಹರಸುತ್ತಾರೆ, ಊರಿನ ದೇವರುಗಳನ್ನು ಒಂದೊಂದಾಗಿ ಕರೆಯುತ್ತಾರೆ. ಸಂಪಾದಕನ ಕೈಗೆ ಸಿಕ್ಕರೆ ಇದೆಲ್ಲ ಪೀಠಿಕೆ. ಆದರೆ ಇಡೀ ರಾತ್ರಿ ಹೇಗೆ ನಡೆಯಬೇಕು ಎಂಬುದು ಇಲ್ಲೇ ಗೊತ್ತಾಗುತ್ತದೆ. ಈ ಹೊತ್ತಿನಲ್ಲೇ ಹಾಡುಗಾರರು ಜನರ ಕಿವಿ ಎಷ್ಟು ಎಚ್ಚರವಾಗಿದೆ, ಮುಂದೆ ಕೂತವರಲ್ಲಿ ಹೆಂಗಸರು ಎಷ್ಟು, ಹುಡುಗರು ಎಷ್ಟು, ಹೂಂಗುಟ್ಟುವವನ ದನಿ ಇವತ್ತು ಹೇಗಿದೆ ಎಂದು ತಿಳಿದುಕೊಳ್ಳುತ್ತಿರುತ್ತಾರೆ.

ಈಗ ಸೊಲ್ಲಿನ ವಿಷಯ. ಮುಂದಾಳು ಒಂದು ಸಾಲು ಹಾಡಿ ಬಿಟ್ಟ ಕೂಡಲೇ ಜೊತೆಯವರು ಸೊಲ್ಲು ಹಿಡಿಯುತ್ತಾರೆ. ಅದೇ ಮಾತು, ಅದೇ ಧಾಟಿ, ರಾತ್ರಿಯಲ್ಲಿ ನೂರಾರು ಸಲ. ಮೊದಲ ಸಲ ಕೇಳುವವರಿಗೆ ಅದು ಬರೀ ಪುನರಾವರ್ತನೆ. ಹೆಡ್‌ಫೋನ್ ಹಾಕಿಕೊಂಡು ಎರಡನೆಯ, ಮೂರನೆಯ ಸಲ ಕೇಳಿದಾಗ ಬೇರೆ ವಿಷಯ ತಿಳಿಯುತ್ತದೆ. ಜೊತೆಯವರು ಸೊಲ್ಲು ಹೇಳುತ್ತಿರುವಾಗ ಮುಂದಾಳಿನ ಉಸಿರು ಕೇಳಿಸುತ್ತದೆ, ತಂಬೂರಿಯ ಮೇಲಿನ ಬೆರಳು ನಿಧಾನವಾಗುತ್ತದೆ ಇಲ್ಲವೇ ಚುರುಕಾಗುತ್ತದೆ. ಮುಂದಿನ ಸಾಲು ಆ ಹೊತ್ತಿನಲ್ಲಿ ತಯಾರಾಗುತ್ತಿದೆ. ಕಥೆ ನೇರವಾಗಿ ಸಾಗುವಾಗ ಸೊಲ್ಲು ಒಂದೇ ಸಲ ಬಂದು ಮುಗಿಯುತ್ತದೆ. ಮುಂದಾಳು ಒಂದು ಕವಲಿಗೆ ಬಂದಾಗ, ಅಂದರೆ ಈಗ ಸಂಕಮ್ಮನ ಗಂಡ ನೀಲೇಗೌಡನನ್ನು ಕಾಡಿಗೆ ಕಳಿಸಬೇಕೋ ಅಥವಾ ಸಂಕಮ್ಮನಿಂದ ಇನ್ನೊಂದು ಮಾತು ಆಡಿಸಬೇಕೋ ಎಂಬಲ್ಲಿ, ಸೊಲ್ಲು ಎರಡು ಮೂರು ಸುತ್ತು ತಿರುಗುತ್ತದೆ. ಜೊತೆಯವರು ಅದನ್ನು ಹೇಳಿಸಿಕೊಂಡು ಮಾಡುವುದಿಲ್ಲ. ಮುಂದಾಳಿನ ಮುಖ ನೋಡಿ, ಇಲ್ಲವೇ ತಂತಿಯ ಮೇಲೆ ಬಿದ್ದ ಒಂದು ಒತ್ತಿನಿಂದ, ಅವರಿಗೆ ತಿಳಿಯುತ್ತದೆ. ಆತನಿಗೆ ಬೇಕಾದಷ್ಟು ಹೊತ್ತನ್ನು ಅವರು ಹಾಡಿ ಕೊಡುತ್ತಾರೆ.

ಹೀಗೆ ನೋಡಿದರೆ ಹಿಮ್ಮೇಳವೂ ಈ ಕಾವ್ಯದ ಕರ್ತೃವೇ. ಇದನ್ನು ನಾನು ಗೌರವದ ಮಾತಾಗಿ ಹೇಳುತ್ತಿಲ್ಲ. ರಚನೆ ನಡೆಯುವ ಬಗೆಯೇ ಹಾಗಿದೆ. ಒಂದು ಸುತ್ತು ಸೊಲ್ಲು ಕಡಿಮೆಯಾದರೆ ಮುಂದಿನ ಸಾಲು ಬೇರೆಯಾಗುತ್ತದೆ. ದಮ್ಮಡಿಯವನು ನಡೆ ಚುರುಕು ಮಾಡಿದರೆ ವರ್ಣನೆ ಕುಗ್ಗಿ ಘಟನೆ ಮುಂದಕ್ಕೆ ಬರುತ್ತದೆ. ಹೂಂಗುಟ್ಟುವವನು ‘ಆಮೇಲೇನಾಯ್ತು?’ ಎಂದು ಕೇಳಿದ ಕಡೆಯಲ್ಲೆಲ್ಲ ಹಾಡು ನಿಂತು ಮಾತು ಶುರುವಾಗುತ್ತದೆ. ಪುಸ್ತಕದ ಮುಖಪುಟದಲ್ಲಿ ‘ಹಾಡಿದವರು’ ಎಂದು ಒಂದು ಹೆಸರು ಹಾಕಿ ಉಳಿದವರನ್ನು ‘ಮತ್ತು ಸಂಗಡಿಗರು’ ಮಾಡುವ ನಮ್ಮ ಪದ್ಧತಿ, ಟೇಪು ಕೇಳಿದ ಮೇಲೆ ನನಗೆ ಒಪ್ಪಿಗೆಯಾಗುವುದಿಲ್ಲ.

ಆದರೆ ಪುಸ್ತಕ ಮಾಡಿದವರ ಶ್ರಮದ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ನಮಗಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೀ.ಶಂ. ಪರಮಶಿವಯ್ಯನವರು ಜನಪದ ಅಧ್ಯಯನಕ್ಕೆ ಭದ್ರವಾದ ಬುನಾದಿ ಹಾಕಿದರು. ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲೇ ಮಾದೇಶ್ವರನ ಕಾವ್ಯವನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಜನಪದ ಮಹಾಕಾವ್ಯಗಳನ್ನು ಒಂದರ ಹಿಂದೊಂದು ಪ್ರಕಟಿಸಿತು. ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ್ದು ಆಗಲೇ. ಅದನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದರು, ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಈ ಪುಸ್ತಕಗಳಿಲ್ಲದಿದ್ದರೆ ಬೆಟ್ಟದ ಈಚೆಗಿರುವ ಓದುಗರಿಗೆ ಸಂಕಮ್ಮ, ಇಕ್ಕೇರಿ ದೇವಮ್ಮ, ಬೇವಿನಹಟ್ಟಿ ಕಾಳಮ್ಮ ಯಾರೆಂದೇ ಗೊತ್ತಾಗುತ್ತಿರಲಿಲ್ಲ. ಪುಸ್ತಕ ಓದುವುದಕ್ಕೆಂದು ಮಾಡಿದ್ದು. ನೂರಾರು ಸಲ ಬರುವ ಸೊಲ್ಲನ್ನು ನೂರಾರು ಸಲ ಅಚ್ಚು ಹಾಕಿದರೆ ಯಾರೂ ಓದಲಾರರು. ಬಿಟ್ಟದ್ದು ಸರಿಯೇ. ಹಾಗೆ ಬಿಟ್ಟದ್ದು ಕೇಳುವುದಕ್ಕೆ ಬೇರೆಲ್ಲಾದರೂ ಸಿಗಬೇಕು ಎಂಬುದಷ್ಟೇ ನನ್ನ ಅಹವಾಲು.

ಹಾಡಿದ್ದನ್ನು ಯಂತ್ರದಲ್ಲಿ ಹಿಡಿದು ಮತ್ತೆ ಮತ್ತೆ ಕೇಳಿದ್ದರಿಂದಲೇ ಜಗತ್ತಿನ ಸಾಹಿತ್ಯ ವಿಮರ್ಶೆ ಒಂದು ಸಲ ತಿರುವು ಪಡೆದಿದೆ. 1933ರಿಂದ 1935ರ ನಡುವೆ ಅಮೆರಿಕದ ಮಿಲ್ಮನ್ ಪ್ಯಾರಿ ಎಂಬ ತರುಣ ವಿದ್ವಾಂಸ, ಹೋಮರನ ಕಾವ್ಯ ಹೇಗೆ ರಚನೆಯಾಗಿರಬಹುದು ಎಂದು ತಿಳಿಯಲು ಯುಗೊಸ್ಲಾವಿಯಾದ ಹಳ್ಳಿಗಳಿಗೆ ಹೋದ. ಆಗ ಒಂದು ತಟ್ಟೆಯಲ್ಲಿ ಕೆಲವೇ ನಿಮಿಷದ ದನಿ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಹಾಡುವವನನ್ನು ಮಧ್ಯೆ ಮಧ್ಯೆ ನಿಲ್ಲಿಸಿದರೆ ಹಾಡೇ ಕೆಡುತ್ತದೆ. ಅದಕ್ಕೆ ಆತ ಎರಡು ತಿರುಗುತಟ್ಟೆಗಳಿರುವ ಯಂತ್ರವನ್ನು ಮಾಡಿಸಿದ. ಒಂದು ಅಲ್ಯೂಮಿನಿಯಂ ತಟ್ಟೆ ತುಂಬುತ್ತಿದ್ದಂತೆ ಇನ್ನೊಂದು ಶುರುವಾಗುತ್ತಿತ್ತು, ಹಾಡು ತಡೆಯಿಲ್ಲದೆ ಸಾಗುತ್ತಿತ್ತು. ಪ್ಯಾರಿ 1935ರಲ್ಲೇ ತೀರಿಕೊಂಡ. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ ಆ ಧ್ವನಿಮುದ್ರಣಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ 1960ರಲ್ಲಿ ತನ್ನ ಗ್ರಂಥ ಪ್ರಕಟಿಸಿದ.

ಲಾರ್ಡ್ ಹೇಳುವ ಒಂದು ಪ್ರಸಂಗ ನಮ್ಮ ಹಾಡುಗಾರರಿಗೆ ತಟ್ಟನೆ ಅರ್ಥವಾಗುವಂಥದ್ದು. ಅವ್ದೊ ಮೆಜೆದೊವಿಚ್ ಎಂಬ ಓದುಬರಹ ಬಾರದ ಹಾಡುಗಾರನ ಎದುರು, ಅವನು ಕೇಳಿರದ ಒಂದು ಕಥೆಯನ್ನು ಮುಮಿನ್ ಎಂಬ ಇನ್ನೊಬ್ಬನಿಂದ ಪ್ಯಾರಿ ಹಾಡಿಸಿದ. ಮುಮಿನ್ ಹಾಡಿದ್ದು 2,294 ಸಾಲು. ಮುಗಿದ ಕೂಡಲೇ ಅದೇ ಕಥೆಯನ್ನು ಅವ್ದೊ ಹಾಡಿದ: 6,313 ಸಾಲು. ಒಮ್ಮೆ ಕೇಳಿದ ಕಥೆ ಸುಮಾರು ಮೂರು ಪಟ್ಟು ಬೆಳೆಯಿತು. ಅವನು ಕೇಳಿದ್ದನ್ನು ಒಪ್ಪಿಸಲಿಲ್ಲ, ಕೇಳುತ್ತಿದ್ದಾಗಲೇ ಅದನ್ನು ಕಟ್ಟಿಕೊಳ್ಳುತ್ತಿದ್ದ. ಇದು ಕೇವಲ ಅನಿಸಿಕೆಯಾಗಿ ಉಳಿಯದೆ ಎಣಿಸಿ ತೋರಿಸಬಲ್ಲ ಸತ್ಯವಾದದ್ದು ಎರಡೂ ಹಾಡಿಕೆಗಳ ದಾಖಲೆ ಇದ್ದುದರಿಂದ.

ನಮ್ಮ ರಾಜ್ಯದಲ್ಲೇ ಇದರ ಹತ್ತಿರದ ಕೆಲಸ ನಡೆದದ್ದು ತುಳುವಿನಲ್ಲಿ. ಬೆಳ್ತಂಗಡಿ ಕಡೆಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ತಂಡ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡಿತು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲುಗಳಷ್ಟಿತ್ತು. ಹಾಡುಗಾರನ ಮನಸ್ಸಿನಲ್ಲಿ ಕಥೆ ಯಾವ ರೂಪದಲ್ಲಿರುತ್ತದೆ, ಸಂದರ್ಭ ಬದಲಾದಾಗ ಅದರಲ್ಲಿ ಯಾವುದು ಹೊರಬರುತ್ತದೆ ಎಂಬ ಪ್ರಶ್ನೆಯನ್ನು ಹೊಂಕೊ ಆಳವಾಗಿ ಕೇಳಿದರು. ಅಂಥ ಕೆಲಸ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳಿಗೆ ಇನ್ನೂ ಆಗಬೇಕಾಗಿದೆ. ಅಲ್ಲಿ ಒಬ್ಬರು ಹಾಡುಗಾರರು. ಇಲ್ಲಿ ಮೇಳ. ನಮ್ಮ ಕೆಲಸ ಇನ್ನೂ ಕಷ್ಟದ್ದು.

ಮೇಳದ ಮಾತು ಬಂದಾಗ ನನಗೆ ನೆನಪಾಗುವುದು ದೂರದ ಒಂದು ಉದಾಹರಣೆ. ಹಿರಿಯರಿಗೆ ಅದು ಅಪರಿಚಿತ ಎನಿಸಬಹುದು, ದಯವಿಟ್ಟು ಸ್ವಲ್ಪ ಹೊತ್ತು ಜೊತೆಗೆ ಬನ್ನಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ಸಂಗೀತದ ತಂಡ ಹುಟ್ಟಿತು. ಗಿಟಾರ್, ಡ್ರಮ್ಸ್, ಕೀಬೋರ್ಡ್ ನುಡಿಸುವ ಇಂಥ ತಂಡಗಳನ್ನು ಅಲ್ಲಿ ಜ್ಯಾಮ್ ಬ್ಯಾಂಡ್ ಎನ್ನುತ್ತಾರೆ. ವೇದಿಕೆಯ ಮೇಲೆ ಹಾಡು ಶುರುವಾಗುತ್ತದೆ, ಮಧ್ಯದಲ್ಲಿ ಎಲ್ಲರೂ ಸೇರಿ ಅದನ್ನು ಆ ರಾತ್ರಿಗೆ ತೋಚಿದಂತೆ ಬೆಳೆಸುತ್ತಾರೆ, ಒಂದು ಹಾಡಿನಿಂದ ನಿಲ್ಲದೆ ಇನ್ನೊಂದಕ್ಕೆ ದಾಟುತ್ತಾರೆ. 1995ರಲ್ಲಿ ಮುಖ್ಯ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ ಈ ತಂಡ ಎರಡು ಸಾವಿರಕ್ಕೂ ಹೆಚ್ಚು ಕಛೇರಿ ಕೊಟ್ಟಿತು. ಅವರ ‘ಡಾರ್ಕ್ ಸ್ಟಾರ್’ ಎಂಬ ಹಾಡು 1968ರ ಗ್ರಾಮಫೋನ್ ತಟ್ಟೆಯಲ್ಲಿ ಮೂರು ನಿಮಿಷವೂ ಇಲ್ಲ. 1969ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಕಛೇರಿಯಲ್ಲಿ ಅದೇ ಹಾಡು ಇಪ್ಪತ್ತಮೂರು ನಿಮಿಷ ನಡೆಯಿತು. ಸಂಕಮ್ಮನ ಸಾಲನ್ನು ಆಕಾಶವಾಣಿಯ ಅರ್ಧ ಗಂಟೆಯಲ್ಲೂ ಕೇಳಿ, ಹಳ್ಳಿಯ ರಾತ್ರಿಯಲ್ಲೂ ಕೇಳಿದ ಯಾರಿಗೂ ಇದು ವಿಚಿತ್ರವಾಗಿ ಕಾಣುವುದಿಲ್ಲ.

ಈ ತಂಡದ ಸಂಗೀತ ಎಲ್ಲರಿಗೂ ಹಿಡಿಸಬೇಕೆಂದಿಲ್ಲ. ನಾನು ಅವರಿಂದ ಕಲಿಯಬೇಕೆನ್ನುವುದು ಮೂರು ನಡೆಗಳನ್ನು. ಮೊದಲನೆಯದು, ಅವರ ಧ್ವನಿ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಔಸ್ಲಿ ಸ್ಟ್ಯಾನ್ಲಿ ಆರಂಭದ ವರ್ಷಗಳಲ್ಲೇ ಕಛೇರಿಗಳನ್ನು ಟೇಪು ಮಾಡುತ್ತಿದ್ದರು. ಅದು ಮಾರಾಟಕ್ಕಲ್ಲ. ಕಛೇರಿ ಮುಗಿದ ಮೇಲೆ ವಾದಕರು ಕೂತು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಎರಡನೆಯದು, ಕೇಳುಗರು ಯಂತ್ರ ತಂದು ಟೇಪು ಮಾಡಿಕೊಳ್ಳುವುದನ್ನು ತಂಡ ತಡೆಯಲಿಲ್ಲ. 1984ರಿಂದ ಅವರಿಗೆಂದೇ ಪ್ರತ್ಯೇಕ ಜಾಗ ಕೊಟ್ಟರು. ಹಂಚಿಕೊಳ್ಳಿ, ಮಾರಬೇಡಿ ಎಂಬುದು ಕಟ್ಟಳೆ. ಹೀಗಾಗಿ ಒಂದೇ ಹಾಡಿನ ನೂರಾರು ರಾತ್ರಿಗಳು ಉಳಿದವು. ಮೂರನೆಯದೇ ನನಗೆ ಬಹಳ ಮುಖ್ಯ: ಪ್ರತಿ ಟೇಪಿನ ಮೇಲೂ ತಾರೀಖು, ಊರು, ಸಭಾಂಗಣ. ಅಲ್ಲಿನ ರಸಿಕರು ಹಾಡನ್ನು ಹೆಸರಿನಿಂದ ಕೇಳುವುದಿಲ್ಲ, ತಾರೀಖಿನಿಂದ ಕೇಳುತ್ತಾರೆ. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲಿನಲ್ಲಿ ನಡೆದ ಕಛೇರಿ ಹಾಗೆ ಪ್ರಸಿದ್ಧವಾದದ್ದು. ಆ ರಾತ್ರಿ ಎರಡನೆಯ ಭಾಗದ ಆರಂಭದಲ್ಲಿ ಒಂದು ಹಾಡಿನಿಂದ ಮತ್ತೊಂದಕ್ಕೆ ದಾಟುವ ಕೆಲವು ನಿಮಿಷಗಳನ್ನು ಜನ ನಾಲ್ಕು ದಶಕಗಳಿಂದ ಕೇಳುತ್ತಿದ್ದಾರೆ. ಅದನ್ನು ಧ್ವನಿಮುದ್ರಿಸಿದವರು ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಮಹಿಳೆ. ಅವರು ಮಾಡಿದ ಟೇಪುಗಳು ಬಾಡಿಗೆಯ ಗೋದಾಮಿನಲ್ಲಿದ್ದು, ಬಾಡಿಗೆ ಕಟ್ಟಲಾಗದೆ 1986ರಲ್ಲಿ ಹರಾಜಾದವು. ಆ ಕಛೇರಿಯ ಧ್ವನಿಮುದ್ರಣವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಹರಾಜಿಗೆ ಹೋಗಿದ್ದ ಟೇಪುಗಳ ಸಾಲಿನಿಂದ ರಾಷ್ಟ್ರದ ಆಸ್ತಿ ಹೊರಬಂತು.

ನಮ್ಮಲ್ಲಿ ಟೇಪು ಇಲ್ಲವೇ? ಇದೆ. 1980, 90ರ ದಶಕಗಳಲ್ಲಿ ಈ ಸೀಮೆಯ ಅಂಗಡಿಗಳಲ್ಲಿ, ಜಾತ್ರೆಗಳಲ್ಲಿ ಕಂಸಾಳೆ ಮಹದೇವಯ್ಯನವರ ಕ್ಯಾಸೆಟ್ಟುಗಳು, ಆಮೇಲೆ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಮನೆ ಮನೆ ತಲುಪಿದವು. ಕಥೆ ಕೇಳುವ ಅಭ್ಯಾಸವನ್ನು ಅವು ಉಳಿಸಿದವು. ಆದರೆ ಸ್ಟುಡಿಯೋದಲ್ಲಿ ಒಂದು ಮಗ್ಗುಲಿಗೆ ಅರ್ಧ ಗಂಟೆ ಎಂಬ ಅಳತೆ ಇರುತ್ತದೆ. ಸೊಲ್ಲು ಎಷ್ಟು ಸುತ್ತು ಎಂಬುದನ್ನು ಅಲ್ಲಿ ಗಡಿಯಾರ ಹೇಳುತ್ತದೆ. ಹೂಂಗುಟ್ಟುವವನಿದ್ದರೂ ಎದುರಿಗೆ ಕೂತು ಅಳುವವರಿಲ್ಲ. ಇನ್ನು ದಸರೆಯ ಮೆರವಣಿಗೆಯಲ್ಲೂ ಶಾಲೆಯ ವಾರ್ಷಿಕೋತ್ಸವದಲ್ಲೂ ನಾವು ನೋಡುವ ಬೀಸು ಕಂಸಾಳೆ ಕಣ್ಣಿಗೆ ಹಬ್ಬವೇ ಸರಿ, ಕಥೆಗೆ ಅಲ್ಲಿ ಜಾಗವಿಲ್ಲ. ಇವೆರಡನ್ನೇ ನೋಡಿ ಬೆಳೆದ ಮಕ್ಕಳಿಗೆ, ಅದೇ ಕಂಸಾಳೆ ಕೂತು ನುಡಿಸಿದಾಗ ಒಂದು ಕಾವ್ಯವನ್ನು ಬೆಳಗಿನವರೆಗೆ ಹೊತ್ತುಕೊಂಡು ಹೋಗುತ್ತದೆಂದು ಹೇಗೆ ತಿಳಿಯಬೇಕು?

ಹಾಡಿದವರೇ ಕೇಳಬೇಕು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಈಗ ತಾನೆ ಕೇಳಿದ ಧ್ವನಿಮುದ್ರಣವನ್ನು, ಅದೇ ಮೇಳ ಬೇರೆ ಊರಿನಲ್ಲಿ ಹಾಡಿದ ಇನ್ನೊಂದು ರಾತ್ರಿಯ ಜೊತೆಗೆ, ಮುಂದಾಳಿಗೂ ಅವರ ಜೊತೆಯವರಿಗೂ ಕೇಳಿಸಿದೆ. ಸಂಕಮ್ಮನ ಸಾಲಿನ ತಿರುಳು ನಿಮಗೆ ಗೊತ್ತು. ಕಾಡಿಗೆ ಹೊರಟ ಸೋಲಿಗರ ನೀಲೇಗೌಡ ಹೆಂಡತಿಯನ್ನು ನಂಬದೆ, ನಾನು ಬರುವವರೆಗೆ ತಪ್ಪು ಮಾಡುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಆಕೆ ಕೊಡುವುದಿಲ್ಲ. ಮೊದಲ ರಾತ್ರಿ ಈ ನಿರಾಕರಣೆ ಬೇಗ ಮುಗಿದು, ಗಂಡ ಕೊಡುವ ಹಿಂಸೆಯ ವರ್ಣನೆ ಉದ್ದವಾಗಿದೆ. ಎರಡನೆಯ ರಾತ್ರಿ ಹಿಂಸೆಯ ಭಾಗ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ಸಂಕಮ್ಮನ ವಾದ ಬೆಳೆಯುತ್ತದೆ. ತಾನು ಹುಟ್ಟಿದ ಮನೆ, ತನ್ನ ತಾಯಿ, ತಾನು ತುಳಿದು ಬಂದ ಹೊಸ್ತಿಲು, ಒಂದೊಂದನ್ನೂ ಮುಂದಿಟ್ಟು ಆಕೆ ಕೇಳುತ್ತಾಳೆ. ಪ್ರತಿ ಪ್ರಶ್ನೆಯ ಹಿಂದೆ ಸೊಲ್ಲು ಎರಡು ಸುತ್ತು.

ಕೇಳುತ್ತಾ ಕೂತಿದ್ದ ಮುಂದಾಳು, ಟೇಪು ಅಲ್ಲಿಗೆ ಬಂದಾಗ ತಲೆ ಎತ್ತಿ, ‘ಇದ ನಾನಾ ಏಳ್ದೋನು?’ ಎಂದರು. ಆಮೇಲೆ ಅವರೇ ಹೇಳಿದರು: ‘ಆ ಊರ್ಲಿ ಮುಂದ್ಗಡೆ ಕುಂತಿದ್ದೋರೆಲ್ಲ ಹೆಂಗುಸ್ರು ಕನ ಮೇಷ್ಟ್ರೇ. ಒಡ್ತ ಬಡ್ತ ಕೇಳಕ್ಕೆ ಅವ್ರು ಬಂದಿರ್ನಿಲ್ಲ.’ ದಮ್ಮಡಿ ನುಡಿಸುವವರು ಇನ್ನೊಂದು ಸೇರಿಸಿದರು: ‘ಅವ್ರು ನಿಲ್ಸ್ತಾರೆ ಅಂತ ಎರಡ್ ಸಲ ನಡೆ ಇಳಿಸ್ದೆ. ಅವ್ರು ನಿಲ್ಸ್ನಿಲ್ಲ. ಅದ್ಕೇ ಮತ್ತೆ ಸೊಲ್ ಎತ್ಗೊಂಡೊ.’ ನಾನು ಟೇಪು ಹಿಂದಕ್ಕೆ ಹಾಕಿ ಕೇಳಿಸಿದೆ. ದಮ್ಮಡಿ ಎರಡು ಸಲ ಇಳಿದಿತ್ತು. ನಾನು ಎಷ್ಟು ಸಲ ಒಬ್ಬನೇ ಕೇಳಿದ್ದರೂ ಅದು ನನಗೆ ಬರೀ ಲಯದ ಏರಿಳಿತವಾಗಿ ಉಳಿಯುತ್ತಿತ್ತು. ಮುಗಿಸೋಣವೇ ಎಂದು ಒಬ್ಬರು ಕೇಳಿದ್ದು, ಇನ್ನೂ ಇದೆ ಎಂದು ಇನ್ನೊಬ್ಬರು ಉತ್ತರ ಕೊಟ್ಟದ್ದು, ಅವರಿಬ್ಬರು ಬಾಯಿ ಬಿಟ್ಟಾಗಲೇ ತಿಳಿದದ್ದು. ಸಂಕಮ್ಮ ಆ ರಾತ್ರಿ ಅಷ್ಟು ಹೊತ್ತು ವಾದಿಸಿದ್ದರ ಹಿಂದೆ ಈ ಮಾತಿಲ್ಲದ ಮಾತುಕತೆ ಇತ್ತು. ಎದುರಿಗೆ ಕೂತ ಹೆಂಗಸರ ಮೌನವೂ ಅದರಲ್ಲಿ ಸೇರಿತ್ತು.

ಯಾವ ರಾತ್ರಿಯ ಸಂಕಮ್ಮ ನಿಜವಾದ ಸಂಕಮ್ಮ? ಪಠ್ಯ ಸಂಪಾದನೆಯಲ್ಲಿ ಪಳಗಿದವರು ಈ ಪ್ರಶ್ನೆ ಕೇಳುತ್ತಾರೆ. ಓಲೆಗರಿಯ ಕಾವ್ಯಕ್ಕೆ ಅದು ಸರಿಯಾದ ಪ್ರಶ್ನೆ. ಇಲ್ಲಿ ಅದಕ್ಕೆ ಉತ್ತರ ಹುಡುಕುವುದರಲ್ಲಿ ಹೊತ್ತು ಕಳೆಯಬಾರದು ಎಂಬುದು ನನ್ನ ಅಭಿಪ್ರಾಯ. ಎರಡು ರಾತ್ರಿಯನ್ನೂ ಅಕ್ಕಪಕ್ಕ ಇಟ್ಟು, ಯಾವ ಊರು, ಯಾವ 
ಸಂದರ್ಭ, ಯಾರು ಜೊತೆಗಿದ್ದರು ಎಂದು ಬರೆದಿಟ್ಟರೆ ಸಾಕು. ಮುಂದಿನವರು ಕೇಳಿ ತಿಳಿಯುತ್ತಾರೆ. ಪಕ್ಕದ ಯಳಂದೂರಿನಲ್ಲಿ ಹದಿಬದೆಯ ಧರ್ಮ ಬರೆದ ಸಂಚಿಯ ಹೊನ್ನಮ್ಮ ಇದ್ದಳು. ಹೆಣ್ಣಿನ ಧರ್ಮ ಯಾವುದೆಂದು ಆಕೆ ಸಾಂಗತ್ಯದಲ್ಲಿ ಬರೆದದ್ದನ್ನು ನಾವು ಪಾಠ ಮಾಡುತ್ತೇವೆ. ಅದೇ ಸೀಮೆಯಲ್ಲಿ ಭಾಷೆ ಕೊಡೆನೆಂದ ಸಂಕಮ್ಮನ ವಾದ ಪ್ರತಿ ರಾತ್ರಿ ಬೇರೆಯಾಗಿ ಬೆಳೆಯುತ್ತಿದೆ. ಅದನ್ನೂ ಅಷ್ಟೇ ಎಚ್ಚರದಿಂದ ಕೇಳುವ ಪಾಠ ನಮ್ಮ ಕಾಲೇಜುಗಳಲ್ಲಿ ಬರಬೇಕು.

ನೀಲಗಾರರ ಹಾಡಿಕೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಚಿಕ್ಕಲ್ಲೂರಿನ ಜಾತ್ರೆ ಜನವರಿಯ ಚಳಿಯಲ್ಲಿ ಬರುತ್ತದೆ. ಇಬ್ಬನಿಗೆ ದಮ್ಮಡಿಯ ಚರ್ಮ ಸಡಿಲವಾಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಬೇಕು. ಚಳಿಗಾಲದ ಧ್ವನಿಮುದ್ರಣಗಳಲ್ಲಿ ಈ ಬಿಡುವು ಮತ್ತೆ ಮತ್ತೆ ಸಿಗುತ್ತದೆ. ಆಗ ಮುಂದಾಳು ಸುಮ್ಮನಿರುವುದಿಲ್ಲ, ಬರೀ ತಂಬೂರಿಯ ಮೇಲೆ ಮಾತಿನಲ್ಲಿ ಕಥೆ ಮುಂದುವರಿಸುತ್ತಾರೆ. ಹಲಗೂರಿನ ಪ್ರಸಂಗದಲ್ಲಿ ಪಾಂಚಾಳದವರ ಬಾಯಲ್ಲಿ ಬರುವ ಬಹಳ ಚುರುಕಾದ, ಜನ ಬಿದ್ದು ಬಿದ್ದು ನಗುವ ಮಾತುಗಳು ನಾನು ಕೇಳಿದ ಮಟ್ಟಿಗೆ ಇಂಥ ಬಿಡುವುಗಳಲ್ಲೇ ಬಂದಿವೆ. ದಮ್ಮಡಿ ಕಾದು ಬಿಗಿಯಾಗಿ ಮರಳಿದ ಮೇಲೆ ಗಗ್ಗರದ ಸದ್ದಿನ ಜೊತೆ ಹಾಡು ಏರುತ್ತದೆ. ಚರ್ಮ ಸಡಿಲವಾಗದಿದ್ದರೆ ಆ ಮಾತುಗಳು ಬರುತ್ತಿದ್ದವೋ ಇಲ್ಲವೋ. ಬೇಸಿಗೆಯ ರಾತ್ರಿಯೊಂದರ ಹಾಡಿಕೆಯನ್ನು ಪಕ್ಕದಲ್ಲಿಟ್ಟು ಕೇಳಿದರೆ ಇದನ್ನು ನಿಶ್ಚಯವಾಗಿ ಹೇಳಬಹುದು. ಒಂದೇ ಮೇಳದ ಬೇರೆ ಬೇರೆ ಋತುಗಳ ಧ್ವನಿಮುದ್ರಣ ಬೇಕು ಎಂದು ನಾನು ಒತ್ತಾಯಿಸುವುದು ಇಂಥ ಸಣ್ಣ ಪ್ರಶ್ನೆಗಳಿಗಾಗಿ.

ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಹಾಡಿಕೆ ನಡೆಯುವಲ್ಲೆಲ್ಲ ಹತ್ತು ಕೈ ಮೇಲೇಳುತ್ತವೆ. ಆದರೆ ಒಬ್ಬೊಬ್ಬರೂ ಹಿಡಿಯುವುದು ಎರಡು ಮೂರು ನಿಮಿಷ, ಅದೂ ಕುಣಿತ ಏರಿದಾಗ. ರಾತ್ರಿ ಎರಡು ಗಂಟೆಗೆ ದನಿ ಸ್ವಲ್ಪ ಒಡೆದು, ಜನ ತೂಕಡಿಸಿ, ಇದ್ದ ನಾಲ್ಕು ಮುದುಕರಿಗಾಗಿ ಮೇಳ ಹಾಡುವ ಹೊತ್ತನ್ನು ಯಾರೂ ಹಿಡಿಯುವುದಿಲ್ಲ. ಕಥೆಯ ಬಹಳ ಒಳಗಿನ ಮಾತುಗಳು ಆಗ ಬರುತ್ತವೆ. ಒಂದು ಮೊಬೈಲನ್ನು ಚಾರ್ಜರಿಗೆ ಹಾಕಿ, ಮೇಳಕ್ಕೆ ನಾಲ್ಕು ಅಡಿ ದೂರದಲ್ಲಿ, ಧ್ವನಿವರ್ಧಕದ ಪೆಟ್ಟಿಗೆಯಿಂದ ಆಚೆ, ಎತ್ತರದ ಮಣೆಯ ಮೇಲೆ ಬೆಳಗಿನವರೆಗೆ ಬಿಟ್ಟರೆ ಸಾಕು. ವಿಡಿಯೋ ಬೇಡ, ದನಿ ಸಾಕು. ಶುರುವಾದಾಗ ತಾರೀಖು, ತಿಥಿ, ಊರು, ಯಾರ ಮನೆಯ ಹರಕೆ, ಮೇಳದ ಎಲ್ಲರ ಹೆಸರು, ಯಾರ ಕೈಯಲ್ಲಿ ಯಾವ ವಾದ್ಯ ಎಂದು ಬಾಯಲ್ಲೇ ಹೇಳಿಬಿಡಿ. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಮಾಡಿದ ಕೆಲಸವನ್ನು ಈಗ ಪಿಯುಸಿ ಓದುವ ಹುಡುಗಿಯೂ ಮಾಡಬಹುದು.

ಆದರೆ ಕೇಳದೆ ಮಾಡಬಾರದು. ದೇವರ ಗುಡ್ಡರದೂ ನೀಲಗಾರರದೂ ದೀಕ್ಷೆ ಪಡೆದು ಹೊತ್ತ ಸೇವೆ. ಹರಕೆಯ ಮನೆಯೊಳಗೆ ಹಾಡಿದ್ದನ್ನು ಊರಿಗೆಲ್ಲ ಕೇಳಿಸಬಹುದೇ ಎಂದು ಮೇಳದವರನ್ನೂ ಕೇಳಬೇಕು, ಮನೆಯವರನ್ನೂ ಕೇಳಬೇಕು. ಬೇಡವೆಂದರೆ ಅಲ್ಲಿಗೆ ಮುಗಿಯಿತು. ಒಪ್ಪಿದರೆ ಮೊದಲ ಪ್ರತಿ ಮೇಳಕ್ಕೆ, ಮುಂದಾಳಿಗೆ ಮಾತ್ರವಲ್ಲ, ಸೊಲ್ಲು ಹಿಡಿದ ಪ್ರತಿಯೊಬ್ಬರಿಗೂ. ಅದರಿಂದ ಯಾರಾದರೂ ಹಣ ಮಾಡಿದರೆ ಪಾಲು ಅವರಿಗೆ ಸಲ್ಲಬೇಕು. ಈ ಹಾಡಿನ ತುಣುಕುಗಳು ಸಿನಿಮಾದಲ್ಲೂ ವೇದಿಕೆಯಲ್ಲೂ ಎಷ್ಟೋ ಜನರಿಗೆ ಹೆಸರು ತಂದಿವೆ, ಸೊಲ್ಲು ಹಿಡಿದವರ ಮನೆಗೆ ಏನೂ ಬಂದಿಲ್ಲ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ.

ಕೊನೆಯದಾಗಿ ಒಂದು ಕೆಲಸದ ಮಾತು. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್ಟುಗಳಿರಬಹುದು. ಅಂಗಡಿಯಿಂದ ತಂದವಲ್ಲ, ಅಪ್ಪನೋ ಚಿಕ್ಕಪ್ಪನೋ ಟೇಪ್‌ರೆಕಾರ್ಡರು ಇಟ್ಟು ಹಿಡಿದವು. ಅವನ್ನು ಹಳೆಯ ಪ್ಲೇಯರಿಗೆ ಹಾಕಿ ಓಡಿಸಿ ನೋಡಬೇಡಿ. ತೇವಕ್ಕೆ ಅಂಟಿಕೊಂಡ ಟೇಪು ಒಂದೇ ಸಲಕ್ಕೆ ಹರಿಯುತ್ತದೆ. ಬಿಸಿಲಿನಲ್ಲಿ ಒಣಗಿಸಬೇಡಿ. ಮೇಲೆ ಏನು ಬರೆದಿದೆಯೋ ಅದನ್ನು ಅಳಿಸಬೇಡಿ, ಬೇರೆ ಚೀಟಿಯಲ್ಲಿ ನಿಮಗೆ ನೆನಪಿರುವ ವರ್ಷ, ಊರು, ಮೇಳದವರ ಹೆಸರು ಬರೆದು ಜೊತೆಗಿಡಿ. ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿರುತ್ತೇವೆ. ಕ್ಯಾಸೆಟ್ಟು ಇರುವವರು ಊರಿನ ಹೆಸರನ್ನೂ ನಿಮ್ಮ ಹೆಸರನ್ನೂ ಬರೆಯಿಸಿ. ಪ್ರತಿ ಮಾಡಿಕೊಂಡು ಮೂಲವನ್ನು ನಿಮಗೇ ಹಿಂದಿರುಗಿಸುತ್ತೇವೆ, ಮತ್ತು ಅದರಲ್ಲಿ ಹಾಡಿದ ಮೇಳದವರು ಯಾರಾದರೂ ಇದ್ದರೆ ಮೊದಲು ಅವರ ಮನೆಗೆ ಹೋಗಿ, ಅವರ ಜೊತೆ ಕೂತು ಕೇಳುತ್ತೇವೆ.